ಬೀಳದ ಗೋಲುಗಳನ್ನು ಎಣಿಸುವುದು ಹೇಗೆ?

ಐಸ್ ಹಾಕಿಯ ದೊಡ್ಡ ಕಪ್ ಆದ ಸ್ಟ್ಯಾನ್ಲಿ ಕಪ್‌ನ 1993ರ ಫೈನಲ್‌ನಿಂದ ಶುರು ಮಾಡುತ್ತೇನೆ. ಈ ಫೈನಲ್‌ನಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಒಂದು ಕಡೆ ಮಾಂಟ್ರಿಯಲ್ ಕೆನೇಡಿಯನ್ಸ್, ಇನ್ನೊಂದು ಕಡೆ ಲಾಸ್ ಏಂಜಲೀಸ್ ಕಿಂಗ್ಸ್. ಕಿಂಗ್ಸ್ ತಂಡದಲ್ಲಿ ಇದ್ದದ್ದು ಆ ಕಾಲದ ಅತಿ ದೊಡ್ಡ ಆಟಗಾರ ವೇಯ್ನ್ ಗ್ರೆಟ್ಸ್ಕಿ. ಮೊದಲ ಪಂದ್ಯ ಮಾಂಟ್ರಿಯಲ್‌ನಲ್ಲೇ ನಡೆಯಿತು. ಕಿಂಗ್ಸ್ 4-1ರಿಂದ ಗೆದ್ದರು, ಗ್ರೆಟ್ಸ್ಕಿಯನ್ನು ಹಿಡಿಯುವವರೇ ಇರಲಿಲ್ಲ. ಆಮೇಲೆ ಮಾಂಟ್ರಿಯಲ್ ನಾಯಕ ಗೀ ಕಾರ್ಬೊನೋ ತಮ್ಮ ಕೋಚ್ ಜಾಕ್ ಡೆಮರ್ಸ್ ಹತ್ತಿರ ಹೋಗಿ, ಗ್ರೆಟ್ಸ್ಕಿ ಐಸ್‌ಗೆ ಇಳಿದಾಗಲೆಲ್ಲ ನನ್ನನ್ನೂ ಇಳಿಸಿ ಅಂತ ಕೇಳಿಕೊಂಡರು. ಕೋಚ್ ಒಪ್ಪಿದರು. ಮುಂದಿನ ನಾಲ್ಕು ಪಂದ್ಯಗಳನ್ನೂ ಮಾಂಟ್ರಿಯಲ್ ಗೆದ್ದು ಕಪ್ ಎತ್ತಿಕೊಂಡಿತು.

ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಸ್ವಲ್ಪ ಕೆದಕಿ ನೋಡಿ. ಆ ನಾಲ್ಕು ಗೆಲುವುಗಳಲ್ಲಿ ಮೂರು ಹೆಚ್ಚುವರಿ ಸಮಯದಲ್ಲಿ ಬಂದವು, ಅಂದರೆ ಒಂದೇ ಒಂದು ಹೊಡೆತ ಆ ಕಡೆ ಬಿದ್ದಿದ್ದರೂ ಕಥೆ ಬೇರೆ. ಎರಡನೇ ಪಂದ್ಯದಲ್ಲಿ ಕಿಂಗ್ಸ್ ಗೆಲ್ಲುವ ಹಂತದಲ್ಲಿತ್ತು. ಕೊನೆಯ ಎರಡು ನಿಮಿಷದೊಳಗೆ ಅವರ ಡಿಫೆನ್ಸ್ ಆಟಗಾರ ಮಾರ್ಟಿ ಮೆಕ್‌ಸೋರ್ಲಿಯ ಹಾಕಿ ಕೋಲಿನ ಬಾಗು ನಿಯಮಕ್ಕಿಂತ ಜಾಸ್ತಿ ಇದೆ ಅಂತ ಪೆನಾಲ್ಟಿ ಬಿದ್ದು ಅವರು ಹೊರಗೆ ಕೂರಬೇಕಾಯಿತು, ಮಾಂಟ್ರಿಯಲ್‌ನ ಎರಿಕ್ ಡೆಜಾರ್ಡಾನ್ ಗೋಲು ಹೊಡೆದು ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲೂ ಅವರೇ ಹೊಡೆದು ಗೆಲ್ಲಿಸಿದರು. ಗೋಲಿನ ಮುಂದೆ ನಿಂತಿದ್ದವರು ಪ್ಯಾಟ್ರಿಕ್ ರುವಾ. ಆ ವರ್ಷದ ಪ್ಲೇಆಫ್‌ನಲ್ಲಿ ಮಾಂಟ್ರಿಯಲ್ ಹೆಚ್ಚುವರಿ ಸಮಯದ ಪಂದ್ಯಗಳನ್ನು ಸಾಲಾಗಿ ಹತ್ತು ಗೆದ್ದಿತ್ತು, ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಸಿಕ್ಕಿದ್ದೂ ರುವಾಗೇ. ಹಾಗಾದರೆ ಕಾರ್ಬೊನೋ ಪಾಲು ಎಷ್ಟು? ಗ್ರೆಟ್ಸ್ಕಿ ಕಟ್ಟಬೇಕಿದ್ದ ಎಷ್ಟು ದಾಳಿಗಳು ಅವರಿಂದಾಗಿ ಹುಟ್ಟಲೇ ಇಲ್ಲ? ಯಾವ ಸ್ಕೋರ್ ಹಾಳೆಯಲ್ಲೂ ಅದಕ್ಕೆ ಕಾಲಂ ಇಲ್ಲ.

ಡಿಫೆನ್ಸಿವ್ ಫಾರ್ವರ್ಡ್ ಎಂಬ ಆಟಗಾರನ ದೊಡ್ಡತನವನ್ನು ಅಳೆಯುವ ಕಷ್ಟ ಪೂರ್ತಿ ಇಲ್ಲೇ ಇದೆ. ಅವನ ಕೆಲಸ ಚೆನ್ನಾಗಿ ಆದರೆ ಏನೂ ಆಗುವುದಿಲ್ಲ. ಕೆರೆ ಏರಿ ಗಟ್ಟಿಯಾಗಿ ಇರುವಷ್ಟು ದಿನ ಊರಿನಲ್ಲಿ ಯಾರೂ ಅದರ ಮಾತು ಎತ್ತುವುದಿಲ್ಲವಲ್ಲ, ಹಾಗೆ.

ಈ ಆಟ ಅಷ್ಟಾಗಿ ನೋಡದವರಿಗೆ ಒಂದೆರಡು ಮಾತು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಐಸ್ ಮೈದಾನ 200 ಅಡಿ ಉದ್ದ, 85 ಅಡಿ ಅಗಲ. ಗೋಲ್‌ಕೀಪರ್ ಬಿಟ್ಟು ಒಂದು ಕಡೆಗೆ ಐದು ಜನ. ಅದರಲ್ಲಿ ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್: ನಡುವೆ ಸೆಂಟರ್, ಅತ್ತ ಇತ್ತ ವಿಂಗರ್‌ಗಳು. ಈ ಮೂವರ ಗುಂಪಿಗೆ ಲೈನ್ ಅನ್ನುತ್ತಾರೆ. ಒಂದೊಂದು ತಂಡಕ್ಕೂ ಇಂಥ ನಾಲ್ಕು ಲೈನ್ ಇರುತ್ತವೆ, ಮುಕ್ಕಾಲು ನಿಮಿಷಕ್ಕೊಮ್ಮೆ ಆಟ ನಡೆಯುತ್ತಿರುವಾಗಲೇ ಬದಲಾಗುತ್ತಿರುತ್ತವೆ. ಫಾರ್ವರ್ಡ್ ಅಂದರೆ ಗೋಲು ಹೊಡೆಯುವವನು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕೆಲವು ಫಾರ್ವರ್ಡ್‌ಗಳಿಗೆ ಕೋಚ್ ಹೇಳುವ ಮೊದಲ ಮಾತೇ ಬೇರೆ: ಎದುರಾಳಿಯ ಅತಿ ದೊಡ್ಡ ಆಟಗಾರನ ಮುಂದೆ ನಿಲ್ಲು, ಅವನನ್ನು ಆಡಲು ಬಿಡಬೇಡ.

ಇವರಿಗಾಗಿಯೇ ಒಂದು ಪ್ರಶಸ್ತಿ ಇದೆ. ಫ್ರಾಂಕ್ ಜೆ. ಸೆಲ್ಕಿ ಟ್ರೋಫಿ. ಮಾಂಟ್ರಿಯಲ್ ತಂಡವನ್ನು ಬಹುಕಾಲ ನಡೆಸಿದ ಸೆಲ್ಕಿ ಅವರ ಹೆಸರಿನಲ್ಲಿ 1977-78ರ ಸೀಸನ್‌ನಿಂದ ಕೊಡುತ್ತಿದ್ದಾರೆ. ಹಾಕಿ ಪತ್ರಕರ್ತರ ಸಂಘದವರು ಮತ ಹಾಕುತ್ತಾರೆ, ಒಬ್ಬೊಬ್ಬರು ಐದು ಹೆಸರು ಬರೆಯುತ್ತಾರೆ, ಮೊದಲ ಹೆಸರಿಗೆ 10 ಅಂಕ, ಆಮೇಲೆ 7, 5, 3, 1. ನಿಯಮದ ಪ್ರಕಾರ ಇದು ಆಟದ ರಕ್ಷಣೆಯ ಭಾಗದಲ್ಲಿ ಅತಿ ಹೆಚ್ಚು ಕೌಶಲ ತೋರಿದ ಫಾರ್ವರ್ಡ್‌ಗೆ ಸಲ್ಲಬೇಕು. ಮೊದಲ ನಾಲ್ಕು ವರ್ಷ, 1978ರಿಂದ 1981ರವರೆಗೆ, ಬೇರೆ ಯಾರಿಗೂ ಸಿಗಲೇ ಇಲ್ಲ. ನಾಲ್ಕೂ ಸಲ ಮಾಂಟ್ರಿಯಲ್‌ನ ಎಡ ವಿಂಗರ್ ಬಾಬ್ ಗೇನಿ.

ಗೇನಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1,160 ಪಂದ್ಯ, 239 ಗೋಲು, 501 ಪಾಯಿಂಟ್. ಪಾಯಿಂಟ್ ಅಂದರೆ ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಎರಡನ್ನೂ ಕೂಡಿಸಿದ್ದು. ಯಾವ ಸೀಸನ್‌ನಲ್ಲೂ 23ಕ್ಕಿಂತ ಜಾಸ್ತಿ ಗೋಲು ಇಲ್ಲ. ಈ ಅಂಕಿಗಳನ್ನು ಮಾತ್ರ ತೋರಿಸಿ ಇವನು ಹೇಗೆ ಅಂತ ಕೇಳಿದರೆ, ಸಾಧಾರಣ ಆಟಗಾರ ಅಂತಲೇ ಎಲ್ಲರೂ ಹೇಳುತ್ತಾರೆ. ಆದರೆ ಆಗಿನ ಸೋವಿಯತ್ ತಂಡದ ಕೋಚ್ ವಿಕ್ಟರ್ ತಿಖೊನೊವ್ ಇವರ ಆಟ ನೋಡಿ, ಜಗತ್ತಿನಲ್ಲೇ ಇಷ್ಟು ಪೂರ್ಣವಾಗಿ ಆಡುವವರು ಇಲ್ಲ ಎಂಬರ್ಥದಲ್ಲಿ ಹೊಗಳಿದ್ದರು. 1979ರ ಪ್ಲೇಆಫ್‌ನಲ್ಲಿ ಕಾನ್ ಸ್ಮೈತ್ ಟ್ರೋಫಿ ಗೇನಿಗೆ ಕೊಟ್ಟರು. ಗೀ ಲಾಫ್ಲರ್ ಥರದ ಗೋಲಿನ ಸರದಾರರು ಇದ್ದ ತಂಡ ಅದು. ಅಂಥವರ ನಡುವೆ ಎದುರಾಳಿಯನ್ನು ಕಟ್ಟಿಹಾಕುವವನನ್ನು ಆರಿಸಿದರು. ಅದಕ್ಕೂ ಹಿಂದೆ, 1967ರಲ್ಲಿ, ಟೊರಾಂಟೊ ಕೊನೆಯ ಸಲ ಕಪ್ ಗೆದ್ದಾಗ ಅದೇ ಟ್ರೋಫಿ ಡೇವ್ ಕಿಯಾನ್‌ಗೆ ಸಿಕ್ಕಿತ್ತು. 12 ಪಂದ್ಯಗಳಲ್ಲಿ ಅವರದ್ದು ಬರೀ 8 ಪಾಯಿಂಟ್. ಕಂಪ್ಯೂಟರ್ ಇಲ್ಲದ, ಎಲ್ಲ ಪಂದ್ಯ ಟಿವಿಯಲ್ಲಿ ಬರದ ಕಾಲದ ಜನ ಕಣ್ಣಿಂದ ನೋಡಿ ಇಷ್ಟು ಸರಿಯಾಗಿ ಗುರುತಿಸಿದ್ದರು ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಈಗ ಸೆಲ್ಕಿ ಗೆದ್ದವರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓದಿ. 1990ರಲ್ಲಿ ಸೇಂಟ್ ಲೂಯಿಸ್‌ನ ರಿಕ್ ಮೀಗರ್. ಆ ಸೀಸನ್‌ನಲ್ಲಿ ಅವರ ಗೋಲುಗಳು ಹತ್ತನ್ನೂ ಮುಟ್ಟಿರಲಿಲ್ಲ. ಮೂರೇ ವರ್ಷ ಕಳೆದು, 1993ರಲ್ಲಿ, ಟೊರಾಂಟೊದ ಡಗ್ ಗಿಲ್ಮರ್. ಅವರದ್ದು 127 ಪಾಯಿಂಟ್. ಮರುವರ್ಷ ಡೆಟ್ರಾಯ್ಟ್‌ನ ಸೆರ್ಗೈ ಫೆದೊರೊವ್, 120 ಪಾಯಿಂಟ್, ಜೊತೆಗೆ ಇಡೀ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಅವರಿಗೇ. ಒಂದೇ ಪ್ರಶಸ್ತಿ, ಒಂದೇ ನಿಯಮದ ವಾಕ್ಯ, ಆದರೆ ಮೀಗರ್ ಮತ್ತು ಗಿಲ್ಮರ್ ಮಾಡುತ್ತಿದ್ದ ಕೆಲಸ ಒಂದೇ ಅಲ್ಲ. ಮತ ಹಾಕುವವರು ಒಮ್ಮೆ "ರಕ್ಷಣೆ ಮಾತ್ರ ಮಾಡುವವರಲ್ಲಿ ಯಾರು ಒಳ್ಳೆಯವರು" ಅಂತ ಕೇಳಿಕೊಂಡಿದ್ದಾರೆ, ಇನ್ನೊಮ್ಮೆ "ದೊಡ್ಡ ಆಟಗಾರರಲ್ಲಿ ರಕ್ಷಣೆಯನ್ನೂ ಚೆನ್ನಾಗಿ ಮಾಡುವವರು ಯಾರು" ಅಂತ ಕೇಳಿಕೊಂಡಿದ್ದಾರೆ. ಇವೆರಡು ಬೇರೆ ಬೇರೆ ಪ್ರಶ್ನೆ.

ಕಳೆದ ಇಪ್ಪತ್ತು ವರ್ಷದಲ್ಲಿ ಎರಡನೇ ಪ್ರಶ್ನೆಯೇ ಗೆದ್ದಿದೆ. ಪಾವೆಲ್ ದತ್ಸುಕ್ 2008ರಿಂದ ಸಾಲಾಗಿ ಮೂರು. ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜರಾನ್ ಒಟ್ಟು ಆರು, ಅದು ದಾಖಲೆ. ಲಾಸ್ ಏಂಜಲೀಸ್‌ನ ಆಂಝೆ ಕೊಪಿಟಾರ್ ಎರಡು. ಫ್ಲೋರಿಡಾದ ಅಲೆಕ್ಸಾಂಡರ್ ಬಾರ್ಕೊವ್ 2021, 2024, 2025ರಲ್ಲಿ ಮೂರು. ಎಲ್ಲರೂ ತಮ್ಮ ತಂಡದ ಮೊದಲ ಅಥವಾ ಎರಡನೇ ಲೈನಿನ ಸೆಂಟರ್‌ಗಳು, ಎಲ್ಲರೂ ಗೋಲಿನ ಲೆಕ್ಕದಲ್ಲೂ ಮುಂದಿದ್ದವರು.

ಇದನ್ನು ನೋಡಿ, ಪ್ರಶಸ್ತಿಯ ಅರ್ಥವೇ ಹಾಳಾಯಿತು ಅಂತ ದೂರುವವರು ತುಂಬಾ ಜನ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಯಾಕೆ ಅಂದರೆ, ಪಕ್ (ಈ ಆಟದಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ನಮ್ಮ ಹತ್ತಿರ ಇದ್ದರೆ ಎದುರಾಳಿ ಗೋಲು ಹೊಡೆಯಲು ಸಾಧ್ಯವೇ ಇಲ್ಲ. ಬರ್ಜರಾನ್ ಮಾಡುತ್ತಿದ್ದದ್ದು ಇದನ್ನೇ. ಅವರು ತಮ್ಮ ಗೋಲಿನ ಹತ್ತಿರ ಒಬ್ಬನನ್ನು ತಡೆದು ಅಲ್ಲಿಗೆ ಸುಮ್ಮನಾಗುತ್ತಿರಲಿಲ್ಲ. ಪಕ್ ಕಸಿದುಕೊಂಡು, ಸರಿಯಾದ ಕಡೆಗೆ ಸಣ್ಣ ಪಾಸ್ ಕೊಟ್ಟು, ಇಡೀ ಆಟವನ್ನೇ ಆ ತುದಿಗೆ ತೆಗೆದುಕೊಂಡು ಹೋಗುತ್ತಿದ್ದರು. ಎದುರಾಳಿಯ ದೊಡ್ಡ ಲೈನ್ ತನ್ನದೇ ಗೋಲಿನ ಮುಂದೆ ಮುಕ್ಕಾಲು ನಿಮಿಷ ಒದ್ದಾಡಿ, ದಣಿದು ಬೆಂಚಿಗೆ ವಾಪಸ್ ಹೋದರೆ, ಅದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೇನಿದೆ? ಹಳೆಯ ಕಾಲದ "ನೆರಳಿನ ಹಾಗೆ ಹಿಂಬಾಲಿಸುವ" ಆಟಗಾರ ಎದುರಾಳಿಯನ್ನು ತಡೆಯುತ್ತಿದ್ದ ನಿಜ. ಆದರೆ ಪಕ್ ಸಿಕ್ಕ ಮೇಲೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿಲ್ಲದಿದ್ದರೆ, ಅದನ್ನು ಆ ತುದಿಗೆ ಸುಮ್ನೆ ಬಡಿದು ಕಳಿಸುತ್ತಿದ್ದ, ಎದುರಾಳಿ ಅದನ್ನು ಎತ್ತಿಕೊಂಡು ಮತ್ತೆ ಬರುತ್ತಿದ್ದ.

ಇದನ್ನು ಹಿಡಿಯುವುದಕ್ಕೆ ಬಳಸುವುದು ಕೋರ್ಸಿ ಎಂಬ ಲೆಕ್ಕ. ಬಫಲೋ ತಂಡದ ಗೋಲ್‌ಕೀಪಿಂಗ್ ಕೋಚ್ ಆಗಿದ್ದ ಜಿಮ್ ಕೋರ್ಸಿ ಅವರ ಹೆಸರು ಅದಕ್ಕೆ ಬಂದಿದೆ. ಒಬ್ಬ ಆಟಗಾರ ಐಸ್ ಮೇಲೆ ಇದ್ದಾಗ ಅವನ ತಂಡ ಎಷ್ಟು ಸಲ ಗೋಲಿನ ಕಡೆ ಹೊಡೆಯಿತು, ಎದುರಾಳಿ ಎಷ್ಟು ಸಲ ಹೊಡೆದರು ಅನ್ನುವ ಸರಳ ಲೆಕ್ಕ ಅದು. ಗುರಿ ತಪ್ಪಿದ್ದು, ನಡುವೆ ಯಾರೋ ಅಡ್ಡ ಬಂದು ತಡೆದದ್ದು, ಎಲ್ಲ ಸೇರುತ್ತೆ. ಗೋಲುಗಳು ಕಡಿಮೆ, ಅದೃಷ್ಟದ ಪಾಲು ಜಾಸ್ತಿ. ಹೊಡೆತಗಳು ಬೇಕಾದಷ್ಟು, ಹಾಗಾಗಿ ಚಿತ್ರ ಬೇಗ ಸ್ಪಷ್ಟವಾಗುತ್ತೆ. ಈ ಲೆಕ್ಕದಲ್ಲಿ ಬರ್ಜರಾನ್ ವರ್ಷದಿಂದ ವರ್ಷಕ್ಕೆ ಲೀಗಿನ ಮೇಲಿನ ಸಾಲಿನಲ್ಲೇ ಇರುತ್ತಿದ್ದರು. ಕಣ್ಣಿಗೆ ಕಂಡದ್ದು, ಲೆಕ್ಕ ಹೇಳಿದ್ದು, ಕೋಚ್ ನಂಬಿದ್ದು, ಮೂರೂ ಒಂದೇ ಕಡೆ ತೋರಿಸಿದ ಅಪರೂಪದ ಆಟಗಾರ ಅವರು.

ಅದಕ್ಕೂ ಹಿಂದೆ ಎಲ್ಲರೂ ನಂಬಿದ್ದ ಅಳತೆ ಪ್ಲಸ್-ಮೈನಸ್. ನೀವು ಐಸ್ ಮೇಲಿದ್ದಾಗ ನಿಮ್ಮ ತಂಡ ಗೋಲು ಹೊಡೆದರೆ ಒಂದು ಪ್ಲಸ್, ಬಿಟ್ಟುಕೊಟ್ಟರೆ ಒಂದು ಮೈನಸ್. ಎದುರಾಳಿಗೆ ಪೆನಾಲ್ಟಿ ಬಿದ್ದಾಗ, ಹೆಚ್ಚು ಜನರ ಬಲದಲ್ಲಿ ಹೊಡೆದ ಗೋಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಳಲು ನ್ಯಾಯವಾಗಿದೆ. ಆದರೆ ನಿಮ್ಮ ಗೋಲ್‌ಕೀಪರ್ ಕೆಟ್ಟವನಾದರೆ ನಿಮ್ಮ ಅಂಕಿ ಕೆಡುತ್ತೆ. ನೀವು ಒಳ್ಳೆಯ ತಂಡದಲ್ಲಿದ್ದರೆ ಏನೂ ಮಾಡದೆ ಅಂಕಿ ಏರುತ್ತೆ. 1976-77ರಲ್ಲಿ ಮಾಂಟ್ರಿಯಲ್ 80 ಪಂದ್ಯಗಳಲ್ಲಿ ಸೋತಿದ್ದು ಎಂಟೇ ಎಂಟು. ಅಂಥ ತಂಡದಲ್ಲಿ ಯಾರ ಪ್ಲಸ್ ತಾನೇ ಚೆನ್ನಾಗಿರುವುದಿಲ್ಲ? ಎಲ್ಲಕ್ಕಿಂತ ದೊಡ್ಡ ಅನ್ಯಾಯ ಏನೆಂದರೆ, ರಾತ್ರಿ ರಾತ್ರಿಯೂ ಗ್ರೆಟ್ಸ್ಕಿಯಂಥವರ ಎದುರು ನಿಲ್ಲುವವನಿಗೂ, ಎದುರಾಳಿಯ ನಾಲ್ಕನೇ ಲೈನಿನ ಎದುರು ಆಡುವವನಿಗೂ ಒಂದೇ ತಕ್ಕಡಿ.

ಕೋರ್ಸಿಗೂ ಇದೇ ರೋಗ ಸ್ವಲ್ಪ ಇದೆ. ಪ್ರತಿ ಸಲ ಆಟ ನಿಂತು ಮತ್ತೆ ಶುರುವಾಗುವಾಗ ಪಂದ್ಯದ ಅಧಿಕಾರಿಯೊಬ್ಬರು ಪಕ್ ಅನ್ನು ಎರಡೂ ತಂಡದ ಒಬ್ಬೊಬ್ಬರ ನಡುವೆ ಬಿಡುತ್ತಾರೆ, ಅದಕ್ಕೆ ಫೇಸ್‌ಆಫ್ ಅನ್ನುತ್ತಾರೆ. ಈ ಫೇಸ್‌ಆಫ್ ನಿಮ್ಮ ಗೋಲಿನ ಹತ್ತಿರ ಇದ್ದಾಗಲೇ ಕೋಚ್ ನಿಮ್ಮನ್ನು ಕಳಿಸಿದರೆ, ಎದುರಾಳಿಯ ಹೊಡೆತಗಳು ಜಾಸ್ತಿ ಆಗುವುದು ಸಹಜ. ಅದು ನಿಮ್ಮ ತಪ್ಪಲ್ಲ. ಕೋಚ್ ನಿಮ್ಮನ್ನು ನಂಬಿದ್ದಾರೆ ಅಂತ ಅದರ ಅರ್ಥ. ನಂಬಿಕೆ ಹೆಚ್ಚಾದಷ್ಟೂ ಅಂಕಿ ಕೆಡುವುದು, ಈ ವಿಚಿತ್ರವನ್ನು ಅರ್ಥ ಮಾಡಿಕೊಳ್ಳದೆ ಯಾರೂ ಡಿಫೆನ್ಸಿವ್ ಫಾರ್ವರ್ಡ್ ಬಗ್ಗೆ ತೀರ್ಪು ಕೊಡಬಾರದು.

ಹಾಗಾಗಿ ನನ್ನ ನಿಲುವು ಇದು. ಇಂಥ ಆಟಗಾರನನ್ನು ಅಳೆಯುವಾಗ ಮೊದಲು ಕೇಳಬೇಕಾದದ್ದು ಅವನು ಎಷ್ಟು ಮಾಡಿದ ಅಂತ ಅಲ್ಲ, ಅವನಿಗೆ ಯಾವ ಕೆಲಸ ಕೊಟ್ಟಿದ್ದರು ಅಂತ. ಯಾರ ಎದುರು, ಯಾವಾಗ, ಮೈದಾನದ ಯಾವ ತುದಿಯಲ್ಲಿ. ಇದಕ್ಕೆ ಉತ್ತರ ಸಿಕ್ಕ ಮೇಲೆ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ, ಆಗ ಅವು ಮಾತಾಡುತ್ತವೆ.

ಕೆಲಸ ಗೊತ್ತಾಗುವುದು ಹೇಗೆ? ಇದು ಕಷ್ಟವಲ್ಲ, ಆಟದೊಳಗೇ ಇದೆ. ಆಟ ನಿಂತಾಗ ಎರಡೂ ತಂಡ ಆಟಗಾರರನ್ನು ಬದಲಿಸಬಹುದು, ಆದರೆ ಕೊನೆಯಲ್ಲಿ ಬದಲಿಸುವ ಹಕ್ಕು ತವರು ತಂಡದ್ದು. ಅಂದರೆ ಎದುರಾಳಿ ಯಾರನ್ನು ಇಳಿಸಿದ್ದಾರೆ ಅಂತ ನೋಡಿಕೊಂಡು ತವರು ಕೋಚ್ ತನ್ನವರನ್ನು ಇಳಿಸಬಹುದು. ತವರಿನ ಪಂದ್ಯದಲ್ಲಿ ಯಾರನ್ನು ಯಾರ ಎದುರು ಕಳಿಸುತ್ತಾರೆ ಅನ್ನುವುದೇ ಕೋಚ್ ಬರೆದುಕೊಟ್ಟ ಸರ್ಟಿಫಿಕೇಟ್. ಎದುರೂರಿನಲ್ಲಿ ಆ ಹಕ್ಕು ಇರುವುದಿಲ್ಲ, ಆಗ ಕೋಚ್ ಆಟ ನಡೆಯುತ್ತಿರುವಾಗಲೇ ಓಡಿಸಿ ಆ ಆಟಗಾರನನ್ನು ಐಸ್‌ಗೆ ತರುತ್ತಿದ್ದರೆ ಅದಕ್ಕೆ ಇನ್ನೂ ಬೆಲೆ ಜಾಸ್ತಿ. ಇನ್ನೊಂದು, ಪೆನಾಲ್ಟಿ ಬಿದ್ದು ನಾಲ್ಕೇ ಜನ ಉಳಿದಾಗ ಮೊದಲು ಇಳಿಯುವವರು ಯಾರು? ಒಂದು ಗೋಲಿನ ಮುನ್ನಡೆ ಇದೆ, ಕೊನೆಯ ನಿಮಿಷ, ಎದುರಾಳಿ ಗೋಲ್‌ಕೀಪರನ್ನು ಹೊರಗೆ ಕರೆದು ಆರು ಜನರನ್ನು ನುಗ್ಗಿಸಿದ್ದಾರೆ. ಆಗ ಐಸ್ ಮೇಲೆ ಇರುವ ಫಾರ್ವರ್ಡ್‌ಗಳು ಯಾರು? ಚಳಿಗಾಲದಲ್ಲಿ ಬಾಸ್ಟನ್‌ನ ಸಂಜೆ ಏಳರ ಪಂದ್ಯ ನಮ್ಮಲ್ಲಿ ಬೆಳಗ್ಗೆ ಐದೂವರೆಗೆ ಶುರುವಾಗುತ್ತೆ. ಎಂಟರ ಹೊತ್ತಿಗೆ, ಕಾಫಿ ಮುಗಿದು, ಪಂದ್ಯದ ಆ ಕೊನೆಯ ನಿಮಿಷ ಬರುತ್ತೆ. ಬರ್ಜರಾನ್ ಆಡುತ್ತಿದ್ದ ವರ್ಷಗಳಲ್ಲಿ ಆ ಹೊತ್ತಿಗೆ ಟಿವಿಯಲ್ಲಿ ಹುಡುಕಬೇಕಾದ ಅಗತ್ಯವೇ ಇರಲಿಲ್ಲ, 37ನೇ ನಂಬರ್ ಅಲ್ಲೇ ಇರುತ್ತಿದ್ದರು.

2011ರ ಫೈನಲ್‌ನ ಏಳನೇ ಪಂದ್ಯ ವ್ಯಾಂಕೂವರ್‌ನಲ್ಲಿ ನಡೆಯಿತು. ಎದುರಿಗೆ ಸೆಡಿನ್ ಅವಳಿಗಳು, ಆ ವರ್ಷ ಮತ್ತು ಅದರ ಹಿಂದಿನ ವರ್ಷ ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು ಈ ಅಣ್ಣತಮ್ಮಂದಿರೇ. ಬಾಸ್ಟನ್ ಒಂದೂ ಗೋಲು ಬಿಟ್ಟುಕೊಡದೆ 4-0ರಿಂದ ಗೆದ್ದಿತು, ನಾಲ್ಕರಲ್ಲಿ ಎರಡು ಗೋಲು ಬರ್ಜರಾನ್ ಅವರದ್ದು. ಎರಡು ವರ್ಷದ ಮೇಲೆ ಶಿಕಾಗೋ ಎದುರಿನ ಫೈನಲ್‌ನಲ್ಲಿ, ಪಕ್ಕೆಲುಬು ಮುರಿದು, ಭುಜ ಕೀಲು ತಪ್ಪಿದ ಸ್ಥಿತಿಯಲ್ಲೇ ಆರನೇ ಪಂದ್ಯ ಆಡಿದರು. ಶ್ವಾಸಕೋಶಕ್ಕೂ ತೂತು ಬಿದ್ದಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಪಂದ್ಯದ ಕೊನೆಯಲ್ಲಿ ಬಾಸ್ಟನ್ 17 ಸೆಕೆಂಡಿನಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಕಪ್ ಕಳೆದುಕೊಂಡಿತು. ನೋವು ತಿಂದು ಆಡಿದ್ದನ್ನು ಶ್ರೇಷ್ಠತೆಗೆ ಪುರಾವೆ ಅಂತ ನಾನು ಎಣಿಸುವುದಿಲ್ಲ, ಅದನ್ನು ಮೆರೆಸುವುದೂ ಒಳ್ಳೆಯದಲ್ಲ. ಆದರೆ ಅಂಥ ಸ್ಥಿತಿಯಲ್ಲೂ ಕೋಚ್ ಅವರನ್ನು ಇಳಿಸಿದರು ಅನ್ನುವುದರಿಂದ ನಂಬಿಕೆ ಎಷ್ಟಿತ್ತು ಅಂತ ತಿಳಿಯುತ್ತೆ.

ಸರಿ, ಪ್ರಶಸ್ತಿಯ ಅರ್ಥ ಹಾಳಾಯಿತು ಅನ್ನುವ ದೂರನ್ನು ಅರ್ಧ ಮಾತ್ರ ಒಪ್ಪುತ್ತೇನೆ ಅಂದೆನಲ್ಲ, ಇಲ್ಲಿಯವರೆಗೆ ಹೇಳಿದ್ದು ಒಪ್ಪದ ಅರ್ಧ, ಅದು ಪ್ರಶಸ್ತಿಯ ಪರವಾಗಿ. ಇನ್ನರ್ಧದಲ್ಲಿ ದೂರುವವರದ್ದೇ ಸರಿ. ಈ ಪ್ರಶಸ್ತಿ ವಿಂಗರ್‌ಗಳನ್ನು ಮರೆತುಬಿಟ್ಟಿದೆ. ಮೊದಲು ಗೆದ್ದ ಗೇನಿ ವಿಂಗರ್. 1985ರಲ್ಲಿ ಬಫಲೋದ ಕ್ರೇಗ್ ರ‍್ಯಾಮ್ಸಿ ವಿಂಗರ್. 1991ರಲ್ಲಿ ಶಿಕಾಗೋದ ಡರ್ಕ್ ಗ್ರಹಾಂ ವಿಂಗರ್. 1998, 1999, 2003ರಲ್ಲಿ ಡಲ್ಲಾಸ್‌ನ ಯೆರೆ ಲೆಹ್ತಿನೆನ್. ಅಲ್ಲಿಗೆ ಮುಗಿಯಿತು. 2003ರ ಮೇಲೆ 2025ರವರೆಗೆ ಗೆದ್ದವರೆಲ್ಲ ಸೆಂಟರ್‌ಗಳು. 2018-19ರ ಸೀಸನ್‌ನಲ್ಲಿ ಎದುರಾಳಿಯಿಂದ ಪಕ್ ಕಸಿದುಕೊಳ್ಳುವುದರಲ್ಲಿ ಇಡೀ ಲೀಗಿಗೇ ಮೊದಲಿಗರಾಗಿದ್ದ ವಿಂಗರ್ ಮಾರ್ಕ್ ಸ್ಟೋನ್ ಪ್ರಶಸ್ತಿಯ ಅಂತಿಮ ಮೂವರಲ್ಲಿ ಬಂದರು, ಗೆದ್ದದ್ದು ಸೇಂಟ್ ಲೂಯಿಸ್‌ನ ಸೆಂಟರ್ ರಯಾನ್ ಓರೈಲಿ. ಮರಿಯನ್ ಹೊಸ್ಸಾ ಥರ ಹಿಂದೆ ಓಡಿ ಬಂದು, ಹಿಂದಿನಿಂದಲೇ ಕೋಲು ಚಾಚಿ ಪಕ್ ಎಗರಿಸುವ ವಿಂಗರ್ ಈ ತಲೆಮಾರಿನಲ್ಲಿ ಇನ್ನೊಬ್ಬರಿಲ್ಲ. ಅವರಿಗೆ ಒಂದೂ ಸೆಲ್ಕಿ ಸಿಗಲಿಲ್ಲ.

ಸೆಂಟರ್‌ಗೆ ರಕ್ಷಣೆಯಲ್ಲಿ ಜವಾಬ್ದಾರಿ ಜಾಸ್ತಿ ಅನ್ನುವುದು ನಿಜ. ತಮ್ಮ ತುದಿಯಲ್ಲಿ ಅವನು ಗೋಲಿನ ಹತ್ತಿರಕ್ಕೇ ಇಳಿದು ಇಬ್ಬರು ಡಿಫೆನ್ಸ್‌ಗೆ ಮೂರನೆಯವನಾಗುತ್ತಾನೆ, ವಿಂಗರ್‌ಗಳು ಸ್ವಲ್ಪ ಮೇಲೆ ನಿಂತು ದೂರದಿಂದ ಹೊಡೆಯುವವರನ್ನು ಕಾಯುತ್ತಾರೆ. ಆದರೆ ಇಪ್ಪತ್ತು ವರ್ಷ ಒಬ್ಬ ವಿಂಗರ್ ಕೂಡ ಗೆಲ್ಲದಷ್ಟು ವ್ಯತ್ಯಾಸ ಇದೆಯಾ? ನನಗೆ ಹಾಗೆ ಅನ್ನಿಸುವುದಿಲ್ಲ. ಕಾರಣ ಬೇರೆ ಇದೆ. ಸೆಂಟರ್ ಕೆಲಸಕ್ಕೆ ಒಂದು ಸುಲಭದ ಅಂಕಿ ಸಿಗುತ್ತೆ, ಫೇಸ್‌ಆಫ್ ಗೆದ್ದ ಶೇಕಡಾವಾರು. ಬರ್ಜರಾನ್ ಕೊನೆಯ ಎರಡು ಸೀಸನ್‌ನಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಗೆದ್ದರು. ಅದು ಅಸಾಮಾನ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಮಾನ್ಯವಾಗಿ ಒಳ್ಳೆಯವನು ಅನ್ನಿಸಿಕೊಂಡ ಸೆಂಟರ್ ನೂರಕ್ಕೆ 55 ಗೆಲ್ಲುತ್ತಾನೆ ಅಂತ ಇಟ್ಟುಕೊಳ್ಳಿ. ರಾತ್ರಿಗೆ ಇಪ್ಪತ್ತು ಫೇಸ್‌ಆಫ್ ತೆಗೆದುಕೊಂಡರೆ, ಸರಿಸಮ ಗೆಲ್ಲುವವನಿಗಿಂತ ಅವನು ಹೆಚ್ಚು ಗೆದ್ದದ್ದು ಒಂದೇ ಒಂದು. ಅದೇ ರಾತ್ರಿ ಒಬ್ಬ ವಿಂಗರ್ ಬದಿಯ ಹಲಗೆಗೆ ಒತ್ತಿಸಿಕೊಂಡು, ಬೆನ್ನ ಮೇಲೆ ಡಿಕ್ಕಿ ತಿಂದು, ಪಕ್ ಅನ್ನು ತಮ್ಮ ತುದಿಯಿಂದ ಆಚೆ ದಾಟಿಸಿದ್ದು ಹತ್ತು ಸಲ ಇರಬಹುದು. ಅದನ್ನು ಟಿವಿ ಪರದೆಯ ಮೇಲೆ ಯಾರೂ ತೋರಿಸುವುದಿಲ್ಲ. ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ನಿಂತು ಬೌಂಡರಿ ತಡೆದವನ ಹೆಸರು ಸ್ಕೋರ್‌ಕಾರ್ಡಿನಲ್ಲಿ ಇರುವುದಿಲ್ಲವಲ್ಲ, ಹಾಗೆ.

ಪಕ್ ಕಸಿದುಕೊಂಡದ್ದು, ಹೊಡೆತಕ್ಕೆ ಅಡ್ಡ ಬಂದದ್ದು, ಇವನ್ನು 1990ರ ದಶಕದ ಕೊನೆಯಿಂದ ಲೀಗ್ ಎಣಿಸುತ್ತಿದೆ. ಆದರೆ ಒಂದೊಂದು ಊರಿನ ಸ್ಟೇಡಿಯಂನಲ್ಲಿ ಎಣಿಸುವ ಕೈ ಒಂದೊಂದು ಥರ. ಒಂದು ಕಡೆ ಧಾರಾಳವಾಗಿ ಬರೆದುಕೊಳ್ಳುತ್ತಾರೆ, ಇನ್ನೊಂದು ಕಡೆ ಬಿಗಿ. ಪಕ್ ಮತ್ತು ಆಟಗಾರರನ್ನು ಸೆನ್ಸರ್‌ಗಳಿಂದ ಹಿಂಬಾಲಿಸುವ ವ್ಯವಸ್ಥೆ ಈಗ ಬಂದಿದೆ. ಯಾರು ಎಷ್ಟು ವೇಗದಲ್ಲಿ ಹಿಂದಕ್ಕೆ ಓಡಿ ಬಂದರು ಅಂತ ಅದು ಹೇಳಬಲ್ಲದು. ಸರಿಯಾದ ಜಾಗದಲ್ಲಿ ಮೊದಲೇ ನಿಂತಿದ್ದರಿಂದ ಓಡಿ ಬರುವ ಅಗತ್ಯವೇ ಬೀಳಲಿಲ್ಲ ಅನ್ನುವುದನ್ನು ಹೇಳುವುದು ಅಷ್ಟು ಸುಲಭ ಅಲ್ಲ.

ಮತದಾರರ ಇನ್ನೊಂದು ದೌರ್ಬಲ್ಯ ಹೆಸರು. ಒಬ್ಬ ಪತ್ರಕರ್ತ ತನ್ನೂರಿನ ತಂಡದ ಹಿಂದೆ ಇರುತ್ತಾನೆ, ಉಳಿದ ಮೂವತ್ತೊಂದು ತಂಡಗಳ ಮೂರನೇ ಲೈನ್ ಯಾರು ಹೇಗೆ ಆಡಿದರು ಅಂತ ಅವನು ಎಷ್ಟು ನೋಡಿರುತ್ತಾನೆ? ಗೋಲು ಹೊಡೆದವರ ಪಟ್ಟಿ ಇದ್ದರೆ ನೋಡದೆಯೂ ಮತ ಹಾಕಬಹುದು. ಇಲ್ಲಿ ಪಟ್ಟಿ ಇಲ್ಲ. ಹಾಗಾಗಿ ಹೋದ ವರ್ಷದ ಹೆಸರೇ ಈ ವರ್ಷವೂ ಕೈಗೆ ಬರುತ್ತೆ. ಬರ್ಜರಾನ್ 2012ರಿಂದ 2023ರವರೆಗೆ ಸಾಲಾಗಿ ಹನ್ನೆರಡು ಸಲ ಅಂತಿಮ ಮೂವರಲ್ಲಿ ಇದ್ದರು. ಅವರ ವಿಷಯದಲ್ಲಿ ಅದು ತಪ್ಪಾಗಲಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಅದೇ ಅಭ್ಯಾಸ, ಹೆಸರು ಇನ್ನೂ ಹುಟ್ಟದ ಆಟಗಾರನನ್ನು ಬಾಗಿಲ ಹೊರಗೇ ನಿಲ್ಲಿಸುತ್ತೆ.

ಕಾಲದ ವ್ಯತ್ಯಾಸವನ್ನೂ ಮರೆಯಬಾರದು. 1980ರ ದಶಕದ ಮೊದಲ ಭಾಗದಲ್ಲಿ ಎರಡೂ ತಂಡ ಸೇರಿ ಒಂದು ಪಂದ್ಯಕ್ಕೆ ಸರಾಸರಿ ಎಂಟು ಗೋಲುಗಳ ಆಸುಪಾಸು ಬೀಳುತ್ತಿತ್ತು. 2003-04ರ ಹೊತ್ತಿಗೆ ಅದು ಐದರ ಹತ್ತಿರಕ್ಕೆ ಇಳಿಯಿತು. ಲೆಹ್ತಿನೆನ್ ಗೆದ್ದ ಕಾಲದಲ್ಲಿ ಎಲ್ಲ ತಂಡಗಳೂ ನಡುಮೈದಾನವನ್ನು ಮುಚ್ಚಿಕೊಂಡು ಆಡುತ್ತಿದ್ದವು, ಗೋಲು ತಡೆಯುವುದು ಸ್ವಲ್ಪ ಸುಲಭ, ಹೊಡೆಯುವುದು ಕಷ್ಟ. ಗೇನಿ, ಕಾರ್ಬೊನೋ ಕಾಲದಲ್ಲಿ ತದ್ವಿರುದ್ಧ. ಗೇನಿ ದೊಡ್ಡವರಾ, ಬರ್ಜರಾನ್ ದೊಡ್ಡವರಾ ಅಂತ ಯಾರಾದರೂ ಕೇಳಿದರೆ ನಾನು ಬರ್ಜರಾನ್ ಅನ್ನುತ್ತೇನೆ, ಎರಡೂ ತುದಿಯಲ್ಲಿ ಆಟವನ್ನು ಬದಲಿಸಿದವರು ಅವರು. ಆದರೆ ರಕ್ಷಣೆಯನ್ನು ಮಾತ್ರ ತೂಗಿದರೆ, ಗೋಲುಗಳ ಮಳೆ ಸುರಿಯುತ್ತಿದ್ದ ವರ್ಷಗಳಲ್ಲಿ ಎದುರಾಳಿಯ ಅತ್ಯುತ್ತಮ ಬಲ ವಿಂಗರ್‌ನನ್ನು ರಾತ್ರಿ ರಾತ್ರಿಯೂ ಕಟ್ಟಿಹಾಕಿದ ಗೇನಿಯೇ ಮುಂದೆ.

ಈ ಗೊಂದಲದ ಬೆಲೆ ತೆರುವುದು ಆಟದ ದಿಗ್ಗಜರನ್ನು ಆರಿಸಿ ಗೌರವಿಸುವ ಹಾಲ್ ಆಫ್ ಫೇಮ್ ಹತ್ತಿರ. ಟೊರಾಂಟೊದಲ್ಲಿರುವ ಅದರ ಆಯ್ಕೆ ಸಮಿತಿಯಲ್ಲಿ 18 ಜನ, ಒಳಗೆ ಹೋಗಲು 14 ಮತ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ವರು ಪುರುಷ ಆಟಗಾರರು. ಚರ್ಚೆ, ಮತ ಎಲ್ಲ ಗುಟ್ಟು. ನಿವೃತ್ತರಾಗಿ ಮೂರು ಸೀಸನ್ ಕಳೆಯಬೇಕು. ಗೇನಿ 1989ರಲ್ಲಿ ನಿಲ್ಲಿಸಿದರು, 1992ಕ್ಕೇ ಒಳಗೆ. ಮೂರು ಸೆಲ್ಕಿ, ಮೂರು ಕಪ್ ಇದ್ದ ಕಾರ್ಬೊನೋ 2000ದಲ್ಲಿ ನಿಲ್ಲಿಸಿದರು, ಅವರ ಸರದಿ ಬಂದದ್ದು 2019ರಲ್ಲಿ. ಕಿರಿಯರ ಲೀಗಿನಲ್ಲಿ ಒಂದೇ ಸೀಸನ್‌ನಲ್ಲಿ 182 ಪಾಯಿಂಟ್ ಹೊಡೆದಿದ್ದ ಹುಡುಗ ಅವರು. ಗೋಲು ಹೊಡೆಯಲು ಬಾರದೆ ರಕ್ಷಣೆಗೆ ಇಳಿದವರಲ್ಲ, ತಂಡ ಕೇಳಿತು ಅಂತ ಇಳಿದವರು. ಅದಕ್ಕೆ ಸಿಕ್ಕ ಫಲ ಅಷ್ಟು ವರ್ಷದ ಕಾಯುವಿಕೆ.

ಬರ್ಜರಾನ್ ವಿಷಯದಲ್ಲಿ ಈ ಚಿಂತೆಯೇ ಇಲ್ಲ. 2023ರಲ್ಲಿ ನಿವೃತ್ತರಾದರು, 2026ರಿಂದ ಅವರ ಹೆಸರು ಸಮಿತಿಯ ಮುಂದೆ ಬರಬಹುದು. 1,040 ಪಾಯಿಂಟ್ ಇರುವವರನ್ನು ಯಾರೂ ಪ್ರಶ್ನಿಸುವುದಿಲ್ಲ. ನನ್ನ ಬೇಸರ ಅಲ್ಲೇ. ಅವರು ಒಳಗೆ ಹೋಗುವುದು ರಕ್ಷಣೆಯ ಬಲದಿಂದ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಬಾಗಿಲು ತೆಗೆಯುವುದು ಆ ಸಾವಿರದ ಅಂಕಿ. ಅದು ಸುಳ್ಳು ಅನ್ನುವವರು ಲೆಹ್ತಿನೆನ್ ಕಡೆ ನೋಡಲಿ.

ಫಿನ್ಲೆಂಡ್‌ನ ಈ ವಿಂಗರ್‌ಗೆ ಮೂರು ಸೆಲ್ಕಿ, 1999ರ ಸ್ಟ್ಯಾನ್ಲಿ ಕಪ್, ನಾಲ್ಕು ಒಲಿಂಪಿಕ್ ಪದಕ, 1995ರಲ್ಲಿ ಫಿನ್ಲೆಂಡ್ ಮೊದಲ ಸಲ ವಿಶ್ವ ಚಾಂಪಿಯನ್ ಆದಾಗ ಆ ತಂಡದ ಮುಖ್ಯ ಲೈನಿನಲ್ಲಿ ಜಾಗ. ಡಲ್ಲಾಸ್‌ನಲ್ಲಿ ಅವರ ಲೈನಿನಲ್ಲಿ ಇದ್ದವರು ಮೈಕ್ ಮೊಡಾನೊ ಮತ್ತು ಬ್ರೆಟ್ ಹಲ್. ಆ ಇಬ್ಬರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಹಲ್ ಮುಂದೆಯೇ ಉಳಿದು ಹೊಡೆತಕ್ಕೆ ಕಾಯಬಹುದಿತ್ತು, ಯಾಕೆಂದರೆ ಹಿಂದೆ ಓಡಿ ಬರಲು ಲೆಹ್ತಿನೆನ್ ಇದ್ದರು. ಹಲ್ ಹೊಡೆದ ಗೋಲು ಹಲ್ ಲೆಕ್ಕಕ್ಕೆ ಹೋಯಿತು. ಲೆಹ್ತಿನೆನ್ ಲೆಕ್ಕದಲ್ಲಿ ಉಳಿದದ್ದು 875 ಪಂದ್ಯ, 514 ಪಾಯಿಂಟ್. 2013ರಿಂದ ಅವರು ಅರ್ಹರು. 2025ರ ಆಯ್ಕೆಯವರೆಗೂ ಅವರ ಹೆಸರು ಬಂದಿಲ್ಲ.

ಅವರಿಗಿಂತ ಮೊದಲು ಇನ್ನೊಬ್ಬರಿದ್ದರು, ಕ್ಲಾಡ್ ಪ್ರೊವೊ. 1950, 60ರ ದಶಕದ ಮಾಂಟ್ರಿಯಲ್‌ನ ಬಲ ವಿಂಗರ್. ಸೆಲ್ಕಿ ಟ್ರೋಫಿ ಆಗ ಇರಲೇ ಇಲ್ಲ. ಶಿಕಾಗೋದ ಬಾಬಿ ಹಲ್, ಅಂದರೆ ಈ ಬ್ರೆಟ್ ಹಲ್ ಅವರ ತಂದೆ, ಆ ಕಾಲದ ಅತಿ ಭಯಂಕರ ಹೊಡೆತಗಾರ. ಅವರು ಐಸ್‌ಗೆ ಇಳಿದಾಗಲೆಲ್ಲ ಮಾಂಟ್ರಿಯಲ್ ಕಳಿಸುತ್ತಿದ್ದದ್ದು ಪ್ರೊವೊ ಅವರನ್ನು. 1964-65ರಲ್ಲಿ ಲೀಗಿನ ಮೊದಲ ಆಲ್‌ಸ್ಟಾರ್ ತಂಡದ ಬಲ ವಿಂಗರ್ ಆಗಿ ಅವರನ್ನು ಆರಿಸಿದರು, ಬಲ ವಿಂಗರ್‌ಗಳಲ್ಲೇ ದಿಗ್ಗಜ ಗಾರ್ಡಿ ಹೋವ್ ಇನ್ನೂ ಆಡುತ್ತಿದ್ದ ಕಾಲದಲ್ಲಿ. ಪ್ರೊವೊ ಒಂಬತ್ತು ಸ್ಟ್ಯಾನ್ಲಿ ಕಪ್ ಗೆದ್ದರು. 1984ರಲ್ಲಿ ತೀರಿಕೊಂಡರು. ಬಾಬಿ ಹಲ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಅವರ ಮಗನೂ ಇದ್ದಾರೆ. ತಂದೆಯನ್ನು ತಡೆದು ನಿಲ್ಲಿಸಿದವರೂ ಇಲ್ಲ, ಮಗನ ಬೆನ್ನು ಕಾದವರೂ ಇಲ್ಲ.